ದತ್ತು ಕೊಟ್ಟ ಮೇಲಿನ ಆರು ತಿಂಗಳು

ಮಾನ್ಯ ಸಂಪಾದಕರೇ,

ನಾಯಿಮರಿಗಳ ದತ್ತು ಶಿಬಿರದ ಸುದ್ದಿ ಬಂದಾಗಲೆಲ್ಲ ಅದರಲ್ಲಿ ಒಂದು ಸಂಖ್ಯೆ ಇರುತ್ತದೆ: ಒಂದೇ ದಿನದಲ್ಲಿ ಇಷ್ಟು ಮರಿಗಳಿಗೆ ಮನೆ ಸಿಕ್ಕಿತು ಎಂದು. ಆರು ತಿಂಗಳ ನಂತರ ಆ ಮರಿಗಳಲ್ಲಿ ಎಷ್ಟು ಅದೇ ಮನೆಯಲ್ಲಿ ಉಳಿದಿವೆ ಎಂಬ ಸಂಖ್ಯೆ ಮಾತ್ರ ಎಲ್ಲೂ ಕಾಣುವುದಿಲ್ಲ. ನಮ್ಮ ಪ್ರಕಾರ ಈ ಕೆಲಸದಲ್ಲಿ ಲೆಕ್ಕಕ್ಕೆ ಬರಬೇಕಾದದ್ದು ಆ ಎರಡನೆಯ ಸಂಖ್ಯೆ. ಅದನ್ನು ಹೆಚ್ಚಿಸಲು ಬೇಕಿರುವುದು ಹಣಕ್ಕಿಂತ ಹೆಚ್ಚಾಗಿ ಜನ. ವಾರಕ್ಕೆ ನಾಲ್ಕು ಗಂಟೆ ಕೊಟ್ಟು, ಫೋಟೊ ತೆಗೆದು, ಫೋನ್ ಮಾಡಿ, ಮನೆ ನೋಡಿ ಬಂದು, ಕೊಟ್ಟ ಮೇಲೂ ಬೆನ್ನುಹತ್ತಿ ವಿಚಾರಿಸುವ ಜನ.

ಈ ಮಾತನ್ನು ಈಗ ಹೇಳಲು ಕಾರಣವಿದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಯನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ಆದರೆ 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್, ಶಾಲೆ, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಆಶ್ರಯತಾಣಗಳಿಗೆ ಸಾಗಿಸಬೇಕು, ಅದೇ ಜಾಗಕ್ಕೆ ಮತ್ತೆ ಬಿಡಬಾರದು ಎಂದು ಆದೇಶಿಸಿತು. ಬೆಂಗಳೂರೊಂದರಲ್ಲೇ 2023ರ ಗಣತಿಯಂತೆ ಸುಮಾರು 2.79 ಲಕ್ಷ ಬೀದಿನಾಯಿಗಳಿವೆ. ಅದರಲ್ಲಿ ಸಣ್ಣ ಪಾಲು ಒಳಗೆ ಬಂದರೂ ಸಾಕು, ಈಗಿರುವ ಕೊಠಡಿಗಳು ತುಂಬಿ ಹೋಗುತ್ತವೆ. ಆಶ್ರಯತಾಣವೆಂಬುದು ಒಂದು ಬಾಗಿಲಿನಿಂದ ಬಂದ ಪ್ರಾಣಿ ಇನ್ನೊಂದು ಬಾಗಿಲಿನಿಂದ ಮನೆಗೆ ಹೋಗಬೇಕಾದ ಜಾಗ. ಎರಡನೆಯ ಬಾಗಿಲು ಮುಚ್ಚಿದರೆ ಅದು ಬಂದೀಖಾನೆಯಾಗುತ್ತದೆ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟೇ ದತ್ತು ಪಡೆಯಲು ಇಚ್ಛಿಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಡಬಹುದು ಎಂದಿದೆ. ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆಯನ್ನೂ ಅವರ ಮೇಲೇ ಹಾಕಿದೆ.

ಆಶ್ರಯತಾಣಗಳಲ್ಲಿ ಮನೆಗಾಗಿ ಕಾಯುತ್ತಿರುವವು ಯಾವುವು? ತಾಯಿ ಕಳೆದುಕೊಂಡ ಮರಿಗಳು, ಅಪಘಾತದಲ್ಲಿ ಕಾಲು ಕಳೆದುಕೊಂಡು ವಾಸಿಯಾದವು, ಕಣ್ಣು ಕಾಣದವು, ಮಾಲೀಕರು ಊರು ಬಿಡುವಾಗ ಗೇಟಿಗೆ ಕಟ್ಟಿ ಹೋದ ಲ್ಯಾಬ್ರಡಾರ್‌ಗಳು, ಬೆಂಗಳೂರಿನ ಏಪ್ರಿಲ್ ತಿಂಗಳಲ್ಲಿ ಏದುಸಿರು ಬಿಡುವ, ಚಳಿನಾಡಿನ ತಳಿಯಾದ ಹಸ್ಕಿಗಳು, ಸಾಲು ಸಾಲು ಮರಿ ಹಾಕಿಸಿ ಸಾಕಾದ ಮೇಲೆ ತಳಿಗಾರರು ಬಿಟ್ಟ ಹೆಣ್ಣುನಾಯಿಗಳು. ಬೆಕ್ಕುಗಳಲ್ಲಿ ಹೆಚ್ಚಿನವು ರಟ್ಟಿನ ಡಬ್ಬದಲ್ಲಿ ಸಿಕ್ಕ ಮರಿಗಳು. ಬೇಡಿಕೆ ಇರುವುದು ಒಂದೇ ಬಗೆಗೆ: ಎರಡು ತಿಂಗಳ ಗಂಡುಮರಿ, ಕಂದು ಅಥವಾ ಬಿಳಿ ಬಣ್ಣ. ಕಪ್ಪು ನಾಯಿ, ಹೆಣ್ಣುನಾಯಿ, ಮೂರು ವರ್ಷ ದಾಟಿದ ನಾಯಿ ಹಿಂದೆ ಉಳಿಯುತ್ತವೆ. ಸ್ವಯಂಸೇವಕರ ನಿಜವಾದ ಕೆಲಸ ಇವುಗಳಿಗಾಗಿಯೇ.

ಕೆಲಸ ಶುರುವಾಗುವುದು ಫೋಟೊದಿಂದ. ಪಂಜರದ ಸರಳಿನಾಚೆ ಮೂಲೆಯಲ್ಲಿ ಮುದುಡಿಕೊಂಡ ನಾಯಿಯನ್ನು ಮೇಲಿನಿಂದ ತೆಗೆದ ಚಿತ್ರ ಕನಿಕರ ಹುಟ್ಟಿಸುತ್ತದೆ, ಮನೆ ಕೊಡಿಸುವುದಿಲ್ಲ. ನಾಯಿಯನ್ನು ಮೊದಲು ಇಪ್ಪತ್ತು ನಿಮಿಷ ನಡೆಸಿ, ದಣಿದು ಬಾಯಿ ತೆರೆದು ನಿಂತಾಗ, ನೆಲಕ್ಕೆ ಕುಳಿತು ಅದರ ಕಣ್ಣಿನ ಮಟ್ಟದಲ್ಲಿ, ಬೆಳಗಿನ ಎಂಟರೊಳಗಿನ ಬೆಳಕಿನಲ್ಲಿ ತೆಗೆಯಬೇಕು. ಫ್ಲ್ಯಾಶ್ ಬೇಡ, ಕಣ್ಣು ಹಸಿರಾಗಿ ಹೊಳೆದು ಹೆದರಿಸುತ್ತದೆ. ಕಪ್ಪು ನಾಯಿಯನ್ನು ನೆರಳಿನಲ್ಲಿ, ತಿಳಿ ಬಣ್ಣದ ಗೋಡೆಯ ಮುಂದೆ ನಿಲ್ಲಿಸಿದರೆ ಮಾತ್ರ ಮುಖದ ಗೆರೆಗಳು ಕಾಣುತ್ತವೆ. ಮುಖದ್ದೊಂದು, ಪಕ್ಕದಿಂದ ಇಡೀ ಮೈಯದ್ದೊಂದು, ಮನುಷ್ಯನ ಜೊತೆ ನಿಂತದ್ದೊಂದು. ಮೂರನೆಯದು ಬಹಳ ಮುಖ್ಯ, ಏಕೆಂದರೆ ನಾಯಿಯ ಗಾತ್ರ ತಿಳಿಯದೆ ಬಂದವರು ನೋಡಿದ ತಕ್ಷಣ ವಾಪಸು ಹೋಗುತ್ತಾರೆ. ಮೂವತ್ತು ಸೆಕೆಂಡಿನ ವಿಡಿಯೊದಲ್ಲಿ ಅದು ಹಗ್ಗದಲ್ಲಿ ಹೇಗೆ ನಡೆಯುತ್ತದೆ, ಬೇರೆ ನಾಯಿ ಕಂಡಾಗ ಏನು ಮಾಡುತ್ತದೆ ಎಂಬುದಿರಲಿ.

ಜೊತೆಗಿನ ಬರಹದಲ್ಲಿ 'ಇಂದೇ ಕಾಪಾಡಿ, ಇಲ್ಲದಿದ್ದರೆ ಸಾಯುತ್ತದೆ' ಎಂದು ಬರೆಯಬಾರದು. ಆವೇಶದಲ್ಲಿ ಒಯ್ದವರು ಆವೇಶ ಇಳಿದ ಮೇಲೆ ತಂದುಬಿಡುತ್ತಾರೆ. ವಯಸ್ಸು, ತೂಕ, ಲಿಂಗ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ, ಲಸಿಕೆಯ ತಾರೀಖು, ಮಕ್ಕಳ ಜೊತೆ ಹೇಗೆ, ಬೆಕ್ಕಿನ ಜೊತೆ ಹೇಗೆ, ಒಂಟಿಯಾಗಿ ಎಷ್ಟು ಹೊತ್ತು ಇರುತ್ತದೆ, ಇಷ್ಟು ಸಾಕು. ತೊಂದರೆಯನ್ನೂ ಬರೆಯಬೇಕು. 'ಊಟದ ತಟ್ಟೆಯ ಬಳಿ ಯಾರೂ ಬರಕೂಡದು' ಎಂಬ ನಾಯಿಯ ವಿಷಯ ಮುಚ್ಚಿಟ್ಟು ಚಿಕ್ಕ ಮಕ್ಕಳಿರುವ ಮನೆಗೆ ಕೊಟ್ಟರೆ ಕಚ್ಚಿಸಿಕೊಳ್ಳುವುದು ಮಗು, ಬೀದಿಗೆ ಬೀಳುವುದು ನಾಯಿ.

ಫೋನಿನಲ್ಲಿ 'ನಿಮಗೆ ನಾಯಿ ಇಷ್ಟವೇ' ಎಂದು ಕೇಳಿ ಪ್ರಯೋಜನವಿಲ್ಲ. ಇಷ್ಟವಿಲ್ಲದವರು ಫೋನ್ ಮಾಡುವುದಿಲ್ಲ. ಬೆಳಗ್ಗೆ ಆರಕ್ಕೆ ಎದ್ದು ಯಾರು ಹೊರಗೆ ಕರೆದೊಯ್ಯುತ್ತಾರೆ? ಮಳೆ ಬಂದ ರಾತ್ರಿ ಅದು ಎಲ್ಲಿ ಮಲಗುತ್ತದೆ? ಹಬ್ಬಕ್ಕೆ ಊರಿಗೆ ಹೋಗುವಾಗ ಯಾರ ಬಳಿ ಬಿಡುತ್ತೀರಿ? ಹಿಂದೆ ಸಾಕಿದ್ದ ನಾಯಿ ಏನಾಯಿತು? ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿದೆಯೇ? ಅರ್ಜಿ ಕೊಟ್ಟವರ ಜೊತೆಗೆ, ಹಗಲಿಡೀ ಮನೆಯಲ್ಲಿರುವವರ ಜೊತೆಯೂ ಮಾತನಾಡಲೇಬೇಕು. ಮಗ ಆಸೆಪಟ್ಟು ತಂದ ಮರಿಯ ಉಚ್ಚೆ ಒರೆಸುವುದು ಅಮ್ಮನೋ ಅತ್ತೆಯೋ ಆಗಿರುತ್ತಾರೆ. ಅವರ 'ಹೂಂ' ಸಿಗದ ಮನೆಗೆ ಕೊಟ್ಟ ಮರಿ ಹಿಂದಿರುಗುವುದು ಬಹುತೇಕ ಖಚಿತ. ಹುಟ್ಟುಹಬ್ಬದ ಉಡುಗೊರೆಗೆ ಬೇಕು, ಇವತ್ತೇ ಬೇಕು, ಗೋದಾಮಿನ ಕಾವಲಿಗೆ ಬೇಕು, ಜ್ಯೋತಿಷಿ ಕಪ್ಪು ನಾಯಿ ಸಾಕಲು ಹೇಳಿದ್ದಾರೆ ಎಂಬ ಕೋರಿಕೆಗಳಿಗೆ ನಯವಾಗಿ ಇಲ್ಲ ಎನ್ನಬೇಕು. ಮಲೆನಾಡಿನ ತೋಟದ ಮನೆಗಳು ವಿಶಾಲವಾಗಿವೆ ಎಂದು ಕೂಡಲೇ ಒಪ್ಪುವುದೂ ತಪ್ಪು. ರಾತ್ರಿ ಹೊರಗೆ ಸರಪಳಿಗೆ ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು. ರಾತ್ರಿ ಒಳಗೆ ಮಲಗಿಸುತ್ತೇವೆ ಎನ್ನುವ ತೋಟದ ಮನೆಗೆ ಧಾರಾಳವಾಗಿ ಕೊಡಬಹುದು.

ಹಾಗೆಂದು ಕಟ್ಟುನಿಟ್ಟು ಅತಿಯಾಗಲೂ ಬಾರದು. ಬಾಡಿಗೆಯವರು ಬೇಡ, ಕೆಲಸಕ್ಕೆ ಹೋಗುವವರು ಬೇಡ, ಅರವತ್ತು ದಾಟಿದವರು ಬೇಡ ಎಂದು ಸಾಲಾಗಿ ಬಾಗಿಲು ಹಾಕಿದರೆ ಕೊನೆಗೆ ಉಳಿಯುವವರು ಯಾರೂ ಇಲ್ಲ. ನಿವೃತ್ತ ದಂಪತಿಗೆ ಮರಿ ಕೊಡುವುದು ಇಬ್ಬರಿಗೂ ಕಷ್ಟ. ಐದಾರು ವರ್ಷದ ಶಾಂತ ನಾಯಿ ಅವರಿಗೆ ಹೇಳಿ ಮಾಡಿಸಿದಂತೆ. ದಿನಕ್ಕೆ ಒಂಬತ್ತು ಗಂಟೆ ಹೊರಗಿರುವ ಇಬ್ಬರಿಗೆ ನಾಯಿಗಿಂತ, ಒಟ್ಟಿಗೆ ಬೆಳೆದ ಎರಡು ಬೆಕ್ಕುಗಳು ಹೊಂದುತ್ತವೆ. ಅಪಾರ್ಟ್‌ಮೆಂಟ್ ಎಂಬ ಒಂದೇ ಕಾರಣಕ್ಕೆ ಯಾರೂ ಹಿಂಜರಿಯಬೇಕಿಲ್ಲ. ಸಾಕುಪ್ರಾಣಿಯನ್ನೇ ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ನಿವಾಸಿಗಳ ಸಂಘಗಳಿಗೆ ಮಾರ್ಗಸೂಚಿ ಕೊಟ್ಟಿದೆ.

ಮನೆ ನೋಡಲು ಹೋದಾಗ ಸೋಫಾ, ಟೈಲ್ಸು ನೋಡಬೇಕಿಲ್ಲ, ನೆಲ ನೋಡಬೇಕು. ಗೇಟಿನ ಕೆಳಗೆ, ಗ್ರಿಲ್ಲಿನ ನಡುವೆ ನಾಲ್ಕು ಬೆರಳು ಅಡ್ಡಲಾಗಿ ಹೋದರೆ ಎರಡು ತಿಂಗಳ ಮರಿಯ ತಲೆಯೂ ಹೋಗುತ್ತದೆ. ಸಂಪಿನ ಮುಚ್ಚಳ ಭದ್ರವಾಗಿದೆಯೇ? ತಾರಸಿಯ ಗೋಡೆ ಮೂರಡಿಗಿಂತ ಗಿಡ್ಡವೇ? ಇಲಿ ಪಾಷಾಣ ಎಲ್ಲಿಟ್ಟಿದ್ದಾರೆ? ಬೆಕ್ಕಾದರೆ ಬಾಲ್ಕನಿಯೇ ಮುಖ್ಯ ಪರೀಕ್ಷೆ. ಪಾರಿವಾಳ ತಡೆಯಲು ಕಟ್ಟಿದ ನೈಲಾನ್ ಬಲೆ ಬೆಕ್ಕಿಗೆ ಸಾಲದು, ಹಲ್ಲಿನಿಂದ ಕಡಿದು ತೂತು ಮಾಡುತ್ತದೆ. ಒಂದಿಂಚಿಗಿಂತ ಚಿಕ್ಕ ಕಣ್ಣಿನ ಲೋಹದ ಜಾಲರಿ ಹಾಕಿ ನಾಲ್ಕೂ ಅಂಚು ಬಿಗಿದ ಮೇಲಷ್ಟೇ ಬೆಕ್ಕನ್ನು ಒಪ್ಪಿಸಬೇಕು. ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ಕಾಲೂರಿ ನಿಲ್ಲುತ್ತದೆ ಎಂಬ ನಂಬಿಕೆಗೆ ದವಡೆ ಒಡೆದ, ಶ್ವಾಸಕೋಶಕ್ಕೆ ಪೆಟ್ಟಾದ ಎಷ್ಟೋ ಬೆಕ್ಕುಗಳು ಬಲಿಯಾಗಿವೆ.

ಇನ್ನು ಶಿಬಿರಗಳ ವಿಷಯ. ಬೇರೆ ಬೇರೆ ಕಡೆಯಿಂದ ತಂದ ಮರಿಗಳನ್ನು ಒಂದೇ ಕಟಕಟೆಯೊಳಗೆ ಬಿಟ್ಟು, ಬಂದವರೆಲ್ಲ ಎತ್ತಿಕೊಂಡು ಮುದ್ದಾಡುವುದು ನೋಡಲು ಚೆಂದ. ಆದರೆ ಮರಿಗಳ ಕರುಳಿಗೆ ತಗಲುವ ಪಾರ್ವೊ ಎಂಬ ಮಾರಕ ವೈರಾಣು ಹರಡಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಈ ವೈರಾಣು ಒಳಹೊಕ್ಕ ಮೇಲೆ ಲಕ್ಷಣ ಕಾಣಲು ಮೂರರಿಂದ ಏಳು ದಿನ, ಕೆಲವೊಮ್ಮೆ ಎರಡು ವಾರವೇ ಬೇಕು. ಭಾನುವಾರ ಚಿನಕುರಳಿಯಂತಿದ್ದ ಮರಿ ಗುರುವಾರ ರಕ್ತಭೇದಿ ಮಾಡುತ್ತದೆ, ಶನಿವಾರ ಇರುವುದಿಲ್ಲ. ಆದ್ದರಿಂದ ಕೊಡುವ ಮುನ್ನ ಹದಿನಾಲ್ಕು ದಿನ ಬೇರೆ ಇಟ್ಟು ನೋಡಬೇಕು, ಕನಿಷ್ಠ ಮೊದಲ ಲಸಿಕೆ ಆಗಿರಬೇಕು. ಆರರಿಂದ ಎಂಟು ವಾರದಲ್ಲಿ ಪಾರ್ವೊ, ಡಿಸ್ಟೆಂಪರ್ (ಇದೂ ಮಾರಕ ವೈರಾಣು ರೋಗ) ಸೇರಿದ ಲಸಿಕೆ, ಹದಿನಾರು ವಾರವಾಗುವವರೆಗೆ ಮೂರು-ನಾಲ್ಕು ವಾರಕ್ಕೊಮ್ಮೆ ಮರುಡೋಸ್, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಜಂತುಹುಳುವಿನ ಔಷಧ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ.

ಪಾರ್ವೊ ಫಿನಾಯಿಲಿಗೆ ಸಾಯುವುದಿಲ್ಲ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಔಷಧ ಅಂಗಡಿಯಲ್ಲಿ ಸಿಗುವ ಶೇ 5ರ ಸೋಡಿಯಂ ಹೈಪೋಕ್ಲೋರೈಟ್ ಒಂದು ಪಾಲಿಗೆ ಮೂವತ್ತು ಪಾಲು ನೀರು ಬೆರೆಸಿ, ಮೊದಲು ಸೋಪಿನಿಂದ ತೊಳೆದ ನೆಲದ ಮೇಲೆ ಸುರಿದು, ಹತ್ತು ನಿಮಿಷ ಒದ್ದೆಯಾಗಿಯೇ ಬಿಡಬೇಕು. ಮಣ್ಣಿನ ಅಂಗಳದಲ್ಲಿ ಇದೂ ನಡೆಯದು, ಅಲ್ಲಿ ವೈರಾಣು ಹಲವು ತಿಂಗಳು, ವರ್ಷದವರೆಗೂ ಉಳಿಯಬಲ್ಲದು. 'ಹಿಂದಿನ ಮರಿ ಏನಾಯಿತು' ಎಂದು ಕೇಳುವುದು ಇದಕ್ಕೇ. ಭೇದಿಯಾಗಿ ಸತ್ತಿತು ಎಂದರೆ ಆ ಮನೆಗೆ ಮರಿ ಬೇಡ, ಲಸಿಕೆ ಪೂರ್ತಿಯಾದ ದೊಡ್ಡ ನಾಯಿ ಕೊಡಿ. ಬೆಕ್ಕಿನ ಮನೆಯಲ್ಲಿ ಫಿನಾಯಿಲ್ ಇರಲೇಬಾರದು. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕುವ ಬೆಕ್ಕಿನ ಯಕೃತ್ತು ಅದರಲ್ಲಿರುವ ಫಿನಾಲನ್ನು ಹೊರಹಾಕಲಾರದು. ಜ್ವರ ಎಂದು ಮನುಷ್ಯರ ಪ್ಯಾರಾಸಿಟಮಾಲ್ ಕೊಡುವುದು ಇನ್ನೂ ಘೋರ, ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ನಾಯಿಯ ಮೈಗೆ ಹತ್ತಿದ ಉಣ್ಣೆಹುಳು ಸಾಯಲೆಂದು ಹಚ್ಚುವ ಪರ್ಮೆಥ್ರಿನ್ ಔಷಧವೂ ಬೆಕ್ಕಿಗೆ ವಿಷ. ಇದನ್ನೆಲ್ಲ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಬೆಕ್ಕಿನ ಜೊತೆಗೇ ಕೊಡಬೇಕು.

ಆಹಾರದ ಬಗ್ಗೆ ಮುಜುಗರವಿಲ್ಲದೆ ಮಾತನಾಡಬೇಕು. ಬೆಕ್ಕು ಹಾಲು-ಅನ್ನದಲ್ಲಿ ಬದುಕುವ ಪ್ರಾಣಿಯಲ್ಲ. ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಇಲ್ಲದಿದ್ದರೆ ಅದರ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ಹಾಲು ಬಹಳಷ್ಟು ಬೆಕ್ಕುಗಳಿಗೆ ಭೇದಿ ತರಿಸುತ್ತದೆ. ಮನೆಯಲ್ಲಿ ಮೀನು-ಮಾಂಸ ಮುಟ್ಟದವರು ಸಿದ್ಧ ಬೆಕ್ಕಿನ ಆಹಾರ ಕೊಡಲು ಒಪ್ಪುತ್ತಾರೆಯೇ ಎಂದು ಮೊದಲೇ ನೇರವಾಗಿ ಕೇಳಿ. ಒಪ್ಪದಿದ್ದರೆ ನಾಯಿಯ ಮಾತೆತ್ತಿ. ನಾಯಿ ಮೊಟ್ಟೆ, ಬೇಳೆ, ತರಕಾರಿಗಳ ಜೊತೆ ವೈದ್ಯರ ಸಲಹೆಯಂತೆ ಹೊಂದಿಕೊಳ್ಳಬಲ್ಲದು, ಆದರೆ ಬರೀ ಮೊಸರನ್ನದಲ್ಲಿ ಅದೂ ಸೊರಗುತ್ತದೆ. ಹದಿನೈದು ಕಿಲೊ ತೂಗುವ ನಾಟಿ ನಾಯಿಗೆ ಸಿದ್ಧ ಆಹಾರವಾದರೆ ದಿನಕ್ಕೆ ಸುಮಾರು 220ರಿಂದ 250 ಗ್ರಾಂ ಬೇಕು. ಆಶ್ರಯತಾಣದಲ್ಲಿ ತಿನ್ನುತ್ತಿದ್ದುದನ್ನೇ ಮೊದಲು ಕೊಟ್ಟು, ಹೊಸದನ್ನು ಕಾಲುಭಾಗದಂತೆ ಸೇರಿಸುತ್ತ ಏಳರಿಂದ ಹತ್ತು ದಿನದಲ್ಲಿ ಬದಲಾಯಿಸಬೇಕು. ಮೊದಲ ದಿನವೇ ಕೋಳಿ ಬೇಯಿಸಿ ಹಾಕಿ ಸಂಭ್ರಮಿಸಿದರೆ ರಾತ್ರಿ ಭೇದಿ, ಬೆಳಗ್ಗೆ 'ಕಾಯಿಲೆ ನಾಯಿ ಕೊಟ್ಟಿರಿ' ಎಂಬ ಫೋನು.

ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದೆ ಬೆಳೆದ ಪ್ರಾಣಿಯನ್ನು ಕೊಡಲೇಬಾರದು ಎಂಬುದರಲ್ಲಿ ನಮಗೆ ರಾಜಿ ಇಲ್ಲ. 'ಒಂದು ಸಲ ಮರಿ ಹಾಕಲಿ' ಎನ್ನುವವರ ಮನೆಯ ಮರಿಗಳು ಮತ್ತೆ ಆಶ್ರಯತಾಣಕ್ಕೇ ಬರುತ್ತವೆ. ತಳಿನಾಯಿಯಾದರೆ ಅದನ್ನು ಮರಿ ಮಾರಲು ಒಯ್ಯುವವರೂ ಇದ್ದಾರೆ. ಬೆಕ್ಕು ನಾಲ್ಕೇ ತಿಂಗಳಿಗೆ ಬೆದೆಗೆ ಬರಬಹುದು, 63 ದಿನದಲ್ಲಿ ಮರಿ ಹಾಕುತ್ತದೆ, ಮರಿ ಹಾಲು ಬಿಡುವ ಮೊದಲೇ ಮತ್ತೆ ಗಬ್ಬವಾಗುತ್ತದೆ. ಚಿಕ್ಕ ಮರಿಯನ್ನು ಕೊಡುವಾಗ ಶಸ್ತ್ರಚಿಕಿತ್ಸೆಯ ತಾರೀಖನ್ನು ಒಪ್ಪಂದದಲ್ಲೇ ಬರೆದು, ಆ ವಾರ ಸ್ವಯಂಸೇವಕರೇ ಫೋನ್ ಮಾಡಿ ಆಸ್ಪತ್ರೆಗೆ ಕರೆದೊಯ್ಯುವ ಏರ್ಪಾಡು ಮಾಡಬೇಕು. ಬರೀ ಸಹಿ ಹಾಕಿಸಿಕೊಂಡು ಮರೆತರೆ ಆ ಕಾಗದಕ್ಕೆ ಬೆಲೆಯಿಲ್ಲ.

ಹೊಸ ಮನೆಯಲ್ಲಿ ಮೊದಲ ಮೂರು ದಿನ ಭಯ, ಮೂರು ವಾರಕ್ಕೆ ರೂಢಿ, ಮೂರು ತಿಂಗಳಿಗೆ ತನ್ನದೆಂಬ ಭಾವ ಎಂದು ಈ ಕೆಲಸದಲ್ಲಿರುವವರು ಲೆಕ್ಕ ಹಾಕುತ್ತಾರೆ. ನಾಯಿ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಮೊದಲ ಎರಡು ವಾರದಲ್ಲೇ. ದೊಡ್ಡ ನಾಟಿ ನಾಯಿಗೆ ಕೊರಳಪಟ್ಟಿಗೊಂದು, ಎದೆಪಟ್ಟಿಗೊಂದು ಎಂದು ಎರಡು ಹಗ್ಗ ಇರಲಿ. ಹೆದರಿ ಹಿಂದಕ್ಕೆ ಜಗ್ಗಿದಾಗ ಕೊರಳಪಟ್ಟಿ ಕಿವಿಯ ಮೇಲಿಂದ ಜಾರುತ್ತದೆ, ಎರಡನೆಯದು ಹಿಡಿಯುತ್ತದೆ. ಸ್ಕೂಟರಿನ ಮೇಲೆ ತೊಡೆಯಲ್ಲಿ ಕೂರಿಸಿಕೊಂಡು ಒಯ್ಯಲು ಬಿಡಬಾರದು. ಪಟ್ಟಿಯ ಬಿಲ್ಲೆಯಲ್ಲಿ ಎರಡು ಫೋನ್ ನಂಬರ್. ಮೊದಲ ವಾರ ಸ್ನಾನ ಬೇಡ, ನೆಂಟರನ್ನು ಕರೆದು ತೋರಿಸುವುದು ಬೇಡ. ತಪ್ಪಿಸಿಕೊಂಡರೆ ಬೆನ್ನಟ್ಟಬಾರದು, ಓಡುವ ನಾಯಿ ಇನ್ನೂ ಓಡುತ್ತದೆ. ತಕ್ಷಣ ಸ್ವಯಂಸೇವಕರಿಗೆ ತಿಳಿಸಿ, ಊಟ ಹಾಕಿ ರೂಢಿಯಾದವರನ್ನು ಕರೆಸಿ, ಬೆಳಗಿನ ಜಾವ ನಾಲ್ಕರಿಂದ ಆರರ ನಡುವೆ ರಸ್ತೆ ನಿಶ್ಶಬ್ದವಾಗಿರುವಾಗ ಹುಡುಕಬೇಕು. ಬೆಕ್ಕು ದೂರ ಹೋಗಿರುವುದಿಲ್ಲ, ಪಕ್ಕದ ಎರಡು ಮೂರು ಮನೆಗಳ ಸಂದಿಯಲ್ಲೇ ಅಡಗಿರುತ್ತದೆ. ರಾತ್ರಿ ಟಾರ್ಚ್ ಹಿಡಿದು ನೋಡಿದರೆ ಕಣ್ಣು ಹೊಳೆಯುತ್ತದೆ. ದೀಪಾವಳಿಯ ಹಿಂದಿನ ವಾರ ಮತ್ತು ಮುಂದಿನ ವಾರ ಯಾವ ಆಶ್ರಯತಾಣವೂ ನಾಯಿಯನ್ನು ಹೊಸ ಮನೆಗೆ ಕಳಿಸದಿರುವುದು ಒಳಿತು. ಪಟಾಕಿಯ ಸದ್ದಿಗೆ ಹಳೆಯ ಮನೆಯ ನಾಯಿಯೇ ದಿಕ್ಕೆಟ್ಟು ಓಡುತ್ತದೆ.

ಹೊಸ ಬೆಕ್ಕಿಗೆ ಇಡೀ ಮನೆ ಬೇಡ, ಒಂದು ಕೋಣೆ ಸಾಕು: ಒಂದು ಮೂಲೆಯಲ್ಲಿ ಮರಳಿನ ತಟ್ಟೆ, ಎದುರು ಮೂಲೆಯಲ್ಲಿ ಊಟ ನೀರು, ಅಡಗಲು ರಟ್ಟಿನ ಪೆಟ್ಟಿಗೆ. ಎರಡು ದಿನ ಮಂಚದ ಕೆಳಗಿದ್ದರೆ ಎಳೆಯಬಾರದು. ಆದರೆ ಒಂದೂವರೆ ದಿನ ಏನೂ ತಿನ್ನದಿದ್ದರೆ, ಅಥವಾ ಗಂಡುಬೆಕ್ಕು ತಟ್ಟೆಯಲ್ಲಿ ಮತ್ತೆ ಮತ್ತೆ ಕುಕ್ಕರಿಸಿ ತಿಣುಕಿದರೂ ಉಚ್ಚೆ ಬರದಿದ್ದರೆ ಕಾಯಬಾರದು, ಆ ಹೊತ್ತಿಗೇ ವೈದ್ಯರ ಬಳಿ ಒಯ್ಯಬೇಕು.

ಕೊಟ್ಟ ಮೇಲೆ ಫೋನ್ ಮಾಡುವುದಕ್ಕೂ ಕ್ರಮವಿದೆ. ಮೊದಲ ರಾತ್ರಿ, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೊಂದನೆಯ ದಿನ, ಮೂರು ತಿಂಗಳು, ಆರು ತಿಂಗಳು. 'ಹೇಗಿದೆ' ಎಂದರೆ 'ಚೆನ್ನಾಗಿದೆ' ಎಂಬ ಉತ್ತರ ಬರುತ್ತದೆ. 'ನಿನ್ನೆ ರಾತ್ರಿ ಎಲ್ಲಿ ಮಲಗಿತ್ತು, ಎಷ್ಟು ಸಲ ಹೊರಗೆ ಹೋಯಿತು, ಏನಾದರೂ ಕಚ್ಚಿ ಹಾಳುಮಾಡಿತೇ' ಎಂದು ಕೇಳಿದರೆ ನಿಜ ಹೊರಬರುತ್ತದೆ. ಒಬ್ಬ ಸ್ವಯಂಸೇವಕರಿಗೆ ಏಕಕಾಲಕ್ಕೆ ಹತ್ತು-ಹನ್ನೆರಡು ಮನೆಗಳಿಗಿಂತ ಹೆಚ್ಚು ವಹಿಸಬಾರದು. ಏನೂ ಸರಿಹೋಗದೆ ಯಾರಾದರೂ ಪ್ರಾಣಿಯನ್ನು ವಾಪಸು ತಂದರೆ ಬೈಯಬಾರದು ಎಂಬುದನ್ನು ಒತ್ತಿ ಹೇಳುತ್ತೇವೆ. ಇಂದು ಬೈಸಿಕೊಂಡವರ ಕತೆ ಕೇಳಿದ ಇನ್ನೊಬ್ಬರು ನಾಳೆ ನಾಯಿಯನ್ನು ಹೊರವರ್ತುಲ ರಸ್ತೆಯಲ್ಲಿ ಇಳಿಸಿ ಹೋಗುತ್ತಾರೆ. ಹಾಗೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೇ, ಆದರೆ ಮೊದಲ ಅಪರಾಧಕ್ಕೆ ಇರುವ ದಂಡ ಹತ್ತರಿಂದ ಐವತ್ತು ರೂಪಾಯಿ. ಕಾನೂನು ತಡೆಯಲಾರದ್ದನ್ನು ತೆರೆದ ಬಾಗಿಲು ತಡೆಯುತ್ತದೆ. ವಾಪಸು ಬಂದ ಕಾರಣವನ್ನು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಮನೆಯನ್ನು ಆರಿಸುವಾಗ ಅದಕ್ಕಿಂತ ಉಪಯುಕ್ತ ಮಾಹಿತಿ ಇನ್ನೊಂದಿಲ್ಲ.

ಈ ಕೆಲಸಕ್ಕೆ ಬರಲಿಚ್ಛಿಸುವ ಓದುಗರಿಗೆ ಎರಡು ಮಾತು. ಪ್ರಾಣಿಗಳನ್ನು ಮುಟ್ಟುವ ಮೊದಲು ರೇಬೀಸ್‌ನ ಮುಂಜಾಗ್ರತೆ ಲಸಿಕೆ ಹಾಕಿಸಿಕೊಳ್ಳಿ: ಮೊದಲ ಡೋಸಿನ ದಿನವನ್ನು 0 ಎಂದೆಣಿಸಿ 0, 7 ಮತ್ತು 21 ಅಥವಾ 28ನೇ ದಿನ. ಆದರೂ ಕಚ್ಚಿದರೆ ಹದಿನೈದು ನಿಮಿಷ ಹರಿಯುವ ನೀರು, ಸೋಪಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ಎರಡನೆಯದು, ನಾಯಿಯನ್ನು ಕಂಡರೆ ಹೆದರುವವರಿಗೂ ಇಲ್ಲಿ ಜಾಗವಿದೆ. ಕನ್ನಡದಲ್ಲಿ ಸ್ಪಷ್ಟವಾಗಿ ಮಾತನಾಡಬಲ್ಲ, ತಾಳ್ಮೆಯ ನಿವೃತ್ತ ಶಿಕ್ಷಕರೊಬ್ಬರು ಮನೆಯಿಂದಲೇ ಫೋನ್ ಮಾಡಿದರೆ ಆಗುವ ಉಪಕಾರ ದೊಡ್ಡದು. ದತ್ತು ಸಂದೇಶಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿಯೇ ಹೋಗುವುದರಿಂದ ನೆಲಮಂಗಲ, ಕನಕಪುರ, ತುಮಕೂರಿನ ಒಳ್ಳೊಳ್ಳೆಯ ಮನೆಗಳಿಗೆ ಅವು ತಲುಪುತ್ತಲೇ ಇಲ್ಲ.

ಸ್ಥಳೀಯ ಸಂಸ್ಥೆಗಳಲ್ಲಿ ನಮ್ಮ ಕೋರಿಕೆ ಇಷ್ಟೇ: ದತ್ತು ಶಿಬಿರ ನಡೆಸಿದ ಆರು ತಿಂಗಳಿಗೆ, ಕೊಟ್ಟವು ಎಷ್ಟು, ಮನೆಯಲ್ಲಿ ಉಳಿದವು ಎಷ್ಟು, ಸತ್ತವು ಎಷ್ಟು, ಸಂಪರ್ಕಕ್ಕೆ ಸಿಗದವು ಎಷ್ಟು ಎಂದು ಪ್ರಕಟಿಸಲಿ. ನಿಮ್ಮ ಪತ್ರಿಕೆಯಲ್ಲಿ ಕೇಳುವುದು ವಾರಕ್ಕೊಮ್ಮೆ ಎರಡು ಕಾಲಂ ಅಗಲದ ಒಂದು ಚಿಕ್ಕ ಜಾಗ. ಒಂದು ಫೋಟೊ, ನಲವತ್ತು ಪದ, ಆಶ್ರಯತಾಣದ ಹೆಸರು. ಮರಿಗಳಿಗೆ ಆ ಜಾಗ ಬೇಡ, ಅವಕ್ಕೆ ಹೇಗೂ ಜನ ಬರುತ್ತಾರೆ. ಎರಡು ವರ್ಷ ದಾಟಿದ ನಾಯಿ-ಬೆಕ್ಕುಗಳಿಗೆ ಮಾತ್ರ ಅದನ್ನು ಮೀಸಲಿಡಿ; ಫೋಟೊ, ಲಸಿಕೆಯ ವಿವರ ಮತ್ತು ನಲವತ್ತು ಪದಗಳನ್ನು ಪ್ರತಿ ಗುರುವಾರ ಸಂಜೆಯೊಳಗೆ ಕನ್ನಡದಲ್ಲಿ ಸಿದ್ಧಪಡಿಸಿ ಕಳಿಸುವ ಹೊಣೆ ನಮ್ಮದು.

ಇಂತಿ,
ಪ್ರಾಣಿ ಆಶ್ರಯತಾಣಗಳ ದತ್ತು ವಿಭಾಗದ ಸ್ವಯಂಸೇವಕರು
ಬೆಂಗಳೂರು